ಚೆಂಡಿಗೆ ಎದುರಾಗಿ ಓಡುವ ಕೆಲಸ

ಭಾರತ ತಂಡದಲ್ಲಿ ಏಳು ವರ್ಷ ಹಾಕಿ ಆಡಿದ ನಾನು ಒಂದೇ ಒಂದು ಗೋಲನ್ನೂ ಹೊಡೆದವಳಲ್ಲ. ಯಾರಾದರೂ ಕೇಳುವ ಮೊದಲೇ ಇದನ್ನು ಹೇಳಿಬಿಡುತ್ತೇನೆ. ಅದರಲ್ಲಿ ನನಗೆ ನಾಚಿಕೆಯಿಲ್ಲ.

ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿರುವ ಒಂದು ಕಾಫಿ ಎಸ್ಟೇಟಿನ ಲೈನು ಮನೆಯಲ್ಲಿ ಬೆಳೆದವಳು ನಾನು. ಅಪ್ಪ ಬೇಗ ತೀರಿಕೊಂಡಿದ್ದರು. ಅವ್ವ ಅದೇ ಎಸ್ಟೇಟಿನಲ್ಲಿ ಕೂಲಿ ಕೆಲಸ ಮಾಡುತ್ತಿದ್ದಳು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹೊಸ ಪಿ.ಟಿ. ಟೀಚರ್ ಬಂದರು. ಕಾಲೇಜಿನಲ್ಲಿ ಹಾಕಿ ಆಡಿದ್ದ ಅವರು ಎಲ್ಲಿಂದಲೋ ಆರು ಹಳೆಯ ಸ್ಟಿಕ್ಕುಗಳನ್ನು ತಂದರು. ಆದರೆ ನಮ್ಮ ಶಾಲೆಯ ಮೈದಾನ ಇಳಿಜಾರಿನಲ್ಲಿತ್ತು. ಒಮ್ಮೆ ಹೊಡೆದ ಚೆಂಡನ್ನು ಹಳ್ಳದಿಂದ ಹೆಕ್ಕಿ ತರಬೇಕಾಗುತ್ತಿತ್ತು. ಸುತ್ತಮುತ್ತ ಸಮತಟ್ಟಾಗಿದ್ದದ್ದು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಟೀಚರ್ ನೇರವಾಗಿ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ ಹತ್ತಿರ ಹೋದರು.

"ರೈಟ್ರೇ, ಕಾಫಿ ಒಣಗ್ಸೋ ಕೆಲಸ ಮುಗೀತಲ್ಲ. ಭಾನುವಾರ ನಮ್ಮ ಹುಡುಗೀರು ಕಣದಲ್ಲಿ ಆಡ್ಕೊಳ್ಳಲಿ."

"ಆಡ್ಲಿ ಮೇಡಂ, ನಂದೇನಿಲ್ಲ. ಮಳೆ ಶುರುವಾದ್ಮೇಲೆ ಪಾಚಿ ಕಟ್ಟುತ್ತೆ. ಅದನ್ನ ಅವರೇ ತಿಕ್ಕಿ ತೊಳ್ಕೋಬೇಕು ಅಷ್ಟೆ."

ತಿಕ್ಕಿ ತೊಳೆದು ಆಡಿದೆವು. ಸಿಮೆಂಟಿನ ಮೇಲೆ ಚೆಂಡು ಸರ್ರನೆ ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಲಿಗೆ ಬಡಿದಿರುತ್ತಿತ್ತು. ಎರಡು ವರ್ಷದ ಬಳಿಕ ಕ್ರೀಡಾ ಹಾಸ್ಟೆಲಿಗೆ ಆಯ್ಕೆಯಾಗಿ, ಮೊದಲ ಸಲ ನೀಲಿ ಟರ್ಫಿನ ಮೇಲೆ ನಿಂತಾಗ, ಮಣ್ಣಿನಲ್ಲಿ ಆಡಿ ಬಂದಿದ್ದ ಹುಡುಗಿಯರು ಚೆಂಡಿನ ವೇಗಕ್ಕೆ ಬೆದರಿದರು. ನನಗೆ ಅದು ನಿಧಾನವೆನಿಸಿತು.

ಹಾಸ್ಟೆಲು, ರಾಜ್ಯ ತಂಡ, ಜೂನಿಯರ್ ತಂಡ ಎಲ್ಲವೂ ಒಂದರ ಹಿಂದೆ ಒಂದು ಆಗುತ್ತಾ ಹೋಯಿತು. ಹಿರಿಯರ ತಂಡದ ಮೊದಲ ಶಿಬಿರದಲ್ಲಿ ಮಾತ್ರ, ಕೊನೆಗೆ ಓದಿದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಬ್ಯಾಗು ಹೊತ್ತು ಊರಿಗೆ ಬಂದೆ. ಕಾಫಿ ಹಣ್ಣು ಕೊಯ್ಯುವ ಕಾಲ ಅದು.

"ಇನ್ನು ನಾನು ಹೋಗಲ್ಲ ಅವ್ವ" ಎಂದೆ.

ಅವ್ವ ಕಾರಣ ಕೇಳಲಿಲ್ಲ. "ಹೋಗೋದು ಬಿಡೋದು ಆಮೇಲೆ ನೋಡನ. ನಾಳೆ ನನ್ನ ಜತೆ ಹಣ್ಣಿಗೆ ಬಾ" ಎಂದಳು.

ಮೂರು ವಾರ ಕೊಯ್ದೆ. ಅವ್ವನ ಕೈ ಗಿಡದ ಮೇಲೆ ಹರಿದಾಡಿದರೆ ಕೆಂಪು ಹಣ್ಣು ಮಾತ್ರ ಚೀಲಕ್ಕೆ ಬೀಳುತ್ತಿತ್ತು. ನನ್ನ ಮನಸ್ಸು ಅಲ್ಲಿರಲಿಲ್ಲ. ಸಂಜೆ ತೂಕಕ್ಕೆ ಚೀಲ ಸುರಿದಾಗ ರೈಟರು ಒಂದು ಹಿಡಿ ಎತ್ತಿ ನೋಡಿ ನಕ್ಕರು.

"ಏನಮ್ಮ, ಹಾಕಿ ಆಡೋರಿಗೆ ಹಸಿರು ಕಾಯಿ, ಕೆಂಪು ಹಣ್ಣು ಎರಡೂ ಒಂದೇನಾ?"

ಸಾಲಿನಲ್ಲಿದ್ದ ಹೆಂಗಸರೂ ನಕ್ಕರು. ನಾನು ತಲೆ ತಗ್ಗಿಸಿದೆ. ಹಿಂದೆ ನಿಂತಿದ್ದ ಅವ್ವ ತನ್ನ ಚೀಲ ಕೆಳಗಿಟ್ಟು ಶಾಂತವಾಗಿಯೇ ಹೇಳಿದಳು: "ಅವಳಿಗೆ ಈ ಕೆಲಸ ಬರಲ್ಲ ರೈಟ್ರೇ. ಅವಳಿಗೆ ಬರೋ ಕೆಲಸ ಬೇರೆ ಇದೆ. ನಾಡಿದ್ದು ಕಳಿಸ್ತೀನಿ."

ಅವ್ವ ನನ್ನನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅದು ಹೊಗಳಿಕೆ ಎಂದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಎರಡು ದಿನದ ಮೇಲೆ ಬೆಳಿಗ್ಗೆಯ ಬಸ್ಸು ಹತ್ತಿದೆ.

ಮುಂದಿನ ಶಿಬಿರಕ್ಕೂ ನನಗೆ ಕರೆ ಬಂತು. ಅಲ್ಲಿ ಪೆನಾಲ್ಟಿ ಕಾರ್ನರ್ ತಡೆಯುವ ಅಭ್ಯಾಸ ನಡೆದಿತ್ತು. ಎದುರಾಳಿಗಳು ಗೋಲಿನ ಮುಂದೆ ಚೆಂಡು ನಿಲ್ಲಿಸಿ ಸ್ಟಿಕ್ಕಿನಿಂದ ಗೋಲಿನತ್ತ ಬಲವಾಗಿ ಹೊಡೆಯುತ್ತಾರೆ. ನಮ್ಮಲ್ಲೊಬ್ಬಳು ಗೋಲುಗೆರೆಯಿಂದ ಹೊರಟು ನೇರವಾಗಿ ಅದರೆದುರು ಓಡಬೇಕು. ಮುಖಕ್ಕೆ ಮುಖವಾಡ, ಮೊಣಕಾಲಿಗೆ ಪಟ್ಟಿ ಇರುತ್ತದೆ. ಉಳಿದದ್ದೆಲ್ಲ ಮೈಯೇ. ಕೋಚ್ "ಮೊದಲು ಯಾರು ಓಡ್ತೀರಿ?" ಎಂದು ಕೇಳಿದರು. ಎಲ್ಲರೂ ಬೂಟು ನೋಡಿಕೊಂಡರು. ನಾನು ಕೈ ಎತ್ತಿದೆ. ಮೊದಲ ಚೆಂಡು ತೊಡೆಗೆ ಬಿತ್ತು, ಎರಡನೆಯದು ಸ್ಟಿಕ್ಕಿಗೆ. ಆ ಜಾಗ ನನ್ನದಾಯಿತು, ಆ ಸಲದ ಪಟ್ಟಿಯಲ್ಲಿ ಹೆಸರೂ ಬಂತು. ನನ್ನ ಹಿಂದೆ ನಿಂತ ಗೋಲ್‌ಕೀಪರ್ ಪ್ರತಿ ಕಾರ್ನರಿಗೂ ಮುಂಚೆ ಬೆನ್ನಿಗೊಂದು ಗುದ್ದು ಕೊಡುತ್ತಿದ್ದಳು. ಏಳು ವರ್ಷದಲ್ಲಿ ಎರಡು ಬೆರಳು, ಒಂದು ದವಡೆ ಮುರಿದುಕೊಂಡೆ. ಒಂದು ಸಲವೂ ಬದಿಗೆ ಸರಿಯಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ನಾಲ್ಕನೇ ವರ್ಷ ಉತ್ತರದ ಒಂದು ಊರಿನಲ್ಲಿ ಪಂದ್ಯವಿದ್ದಾಗ ಟೀಚರ್ ಅವ್ವನನ್ನು ರೈಲಿನಲ್ಲಿ ಕರೆತಂದರು. ಅವ್ವ ನನ್ನ ಆಟ ನೋಡಿದ್ದು ಅದೊಂದೇ ಸಲ. ಕೊನೆಯ ಹತ್ತು ನಿಮಿಷದಲ್ಲಿ ನಾವು ಒಂದು ಗೋಲಿನಿಂದ ಮುಂದಿದ್ದೆವು. ಎದುರಾಳಿಗಳಿಗೆ ಒಂದರ ಹಿಂದೆ ಒಂದು ಮೂರು ಕಾರ್ನರ್ ಸಿಕ್ಕವು. ಎರಡನ್ನು ನಾನು ತಡೆದೆ, ಮೂರನೆಯದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಗೆದ್ದೆವು.

ಅಷ್ಟರಲ್ಲಿ ಮೇಲೆ ಗ್ಯಾಲರಿಯಲ್ಲಿ ಏನಾಯಿತೆಂದು ಟೀಚರ್ ಆಮೇಲೆ ಹೇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ಹಿಂದಿಯಲ್ಲಿ, ನಿಮ್ಮ ಮಗಳು ಯಾರು, ಗೋಲು ಹೊಡೆದವಳಾ ಎಂದು ಕೇಳಿದಳಂತೆ. ಟೀಚರ್ ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅವ್ವ, "ಅಲ್ಲ ಅಂತ ಹೇಳಿ. ಹೊಡೆಯೋಕೆ ಬಂದ್ರೆ ಎದುರಿಗೆ ಓಡ್ತಾಳಲ್ಲ, ಅವಳು" ಎಂದಳಂತೆ.

ಪಂದ್ಯ ಮುಗಿದ ಮೇಲೆ ಅವ್ವ ನನ್ನ ಹತ್ತಿರ ಬಂದು, ಅಷ್ಟು ಜನರ ಮುಂದೆ ಬಗ್ಗಿ ನನ್ನ ಕಾಲು ನೋಡಿದಳು. ತೊಡೆಯ ಮೇಲೆ ಚೆಂಡಿನ ಗುರುತು ಆಗಲೇ ನೀಲಿಗಟ್ಟುತ್ತಿತ್ತು.

"ನೋವಿದ್ಯಾ?"

"ಇದೆ."

ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು. ಹಾಗೇ ತಿರುಗಿ, ಸುತ್ತ ನಿಂತಿದ್ದ ನಮ್ಮ ತಂಡದ ಹುಡುಗಿಯರಿಗೆಲ್ಲ, ಭಾಷೆ ಬಾರದವರನ್ನೂ ಸೇರಿಸಿ, ತಾನು ಕಳಸದಿಂದ ಕಟ್ಟಿ ತಂದಿದ್ದ ಹಲಸಿನ ಹಪ್ಪಳ ಹಂಚತೊಡಗಿದಳು.