ಹೂಂ ಎನ್ನುವ ತಮ್ಮ

ಎರಡು ವರ್ಷ ಉಗಾಂಡಾದ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ಸೇವೆಯೆಂದು ಪಾಠ ಹೇಳಿ ಗಂಗೋತ್ರಿ ಪಾಪಿನಾಯಕನಹಳ್ಳಿಗೆ ವಾಪಸಾದಳು. ಹೊಸಪೇಟೆಯಿಂದ ಬಂದ ಆಟೊ ನಿಲ್ಲುವುದರೊಳಗೆ ಅರ್ಧ ಓಣಿ ಅವರ ಅಂಗಳದಲ್ಲಿತ್ತು. ಪಕ್ಕದ ಮನೆಯ ಪಂಪಾವತಿ ಎಲ್ಲರಿಗಿಂತ ಮೊದಲು ಬಾಯಿ ಹಾಕಿದಳು.

"ಸಿಂಹ ನೋಡಿದೇನವ್ವ ಅಲ್ಲಿ?"

"ಇಲ್ಲ ಚಿಗವ್ವ, ಸೊಳ್ಳಿ ನೋಡೀನಿ."

ಸೊಳ್ಳೆಯ ಕಥೆ ಯಾರಿಗೆ ಬೇಕು? ಜನ ಮುಖ ಸಪ್ಪಗೆ ಮಾಡಿಕೊಂಡು ಚಹಾ ಕುಡಿದು ಎದ್ದರು.

ಗಂಗೋತ್ರಿಯ ಕಣ್ಣು ಹುಡುಕುತ್ತಿದ್ದುದು ತಮ್ಮ ಜಂಬುನಾಥನನ್ನು. ಹುಟ್ಟುಕಿವುಡ. ಅವನನ್ನು ದೂರದ ಶಾಲೆಗೆ ಬಿಡಲು ತಾಯಿ ರೇಣುಕಮ್ಮನ ಕರುಳು ಒಪ್ಪಿರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ತಮ್ಮ ಸೇರಿ ತಮ್ಮದೇ ಕೈಸನ್ನೆಯ ಭಾಷೆ ಕಟ್ಟಿಕೊಂಡರು. ಅದರಲ್ಲಿ ಅವನು ಜಗಳ ತೆಗೆಯುತ್ತಿದ್ದ, ಚಾಡಿ ಹೇಳುತ್ತಿದ್ದ, ರಾತ್ರಿ ಬಿದ್ದ ಕನಸನ್ನೂ ಬಿಡದೆ ಹೇಳುತ್ತಿದ್ದ. ಮನೆಯಲ್ಲಿ ಬೇರೆ ಯಾರೂ ಅದನ್ನು ಕಲಿಯುವ ಗೋಜಿಗೆ ಹೋಗಲಿಲ್ಲ. ಹೇಗೂ ಗಂಗೋತ್ರಿ ಇದ್ದಾಳಲ್ಲ! ಅವಳು ಕಿವುಡರ ಟೀಚರಾದದ್ದೂ, ಸಮುದ್ರ ದಾಟಿ ಹೋದದ್ದೂ ಅವನ ದೆಸೆಯಿಂದಲೇ.

ಬಾಳೆಗೊನೆ ಲಾರಿಗೆ ಹೇರುವ ಕೆಲಸ ಮುಗಿಸಿ ಜಂಬುನಾಥ ಬಂದ. ಅಕ್ಕನನ್ನು ಕಂಡು ನಕ್ಕ. ಅವಳ ಕೈಗಳು ತಡಬಡಿಸಿ ಮಾತಿಗಿಳಿದವು. ಹೇಗಿದ್ದೀ? ಯಾಕಿಷ್ಟು ಸೊರಗಿದ್ದೀ? ಅವನು ಹೂಂ ಎಂದು ತಲೆಯಾಡಿಸಿದ. ಫೋನಿನ ಪರದೆಯಲ್ಲೂ ಹೀಗೇ ತಲೆಯಾಡಿಸುತ್ತಿದ್ದ. ತನ್ನ ಮಾತು ಅವನಿಗೆ ಮುಟ್ಟುತ್ತಿದೆ ಎಂದೇ ಅವಳು ನಂಬಿಕೊಂಡಿದ್ದಳು.

"ನೀ ಹೋದ ಮ್ಯಾಲೆ ಭಾಳ ಶಾಣ್ಯಾ ಆಗ್ಯಾನ," ಎಂದಳು ರೇಣುಕಮ್ಮ ಹೆಮ್ಮೆಯಿಂದ. "ಮೊದಲಿನಂಗ ಹಠ ಇಲ್ಲ, ಕೈ ತಿರುವಿ ತಿರುವಿ ಜೀವ ತಿನ್ನೋದಿಲ್ಲ. ಏನ್ ಕೇಳಿದ್ರೂ ಹೂಂ ಅಂತಾನ."

ಗಂಗೋತ್ರಿ ತಮ್ಮನ ಕೈಗಳತ್ತ ನೋಡಿದಳು. ಆ ಕೈಗಳು ಇವರ ಮುಂದೆ ಎಷ್ಟು ಸಲ ಆಡಿ ಆಡಿ ಸೋತಿರಬೇಕು! ತಲೆಯಾಡಿಸಿದರೆ ಜನ ಸುಮ್ಮನಾಗುತ್ತಾರೆಂದು ಕೊನೆಗೆ ಕಲಿತುಕೊಂಡಿದ್ದ. ಅಲ್ಲಿ ಅವಳು ಕಂಡವರ ಮಕ್ಕಳ ಕೈಗೆ ಮಾತು ಕೊಡುತ್ತಿದ್ದಾಗ, ಇಲ್ಲಿ ಒಡಹುಟ್ಟಿದವನು ಮೂಕನಾಗಿದ್ದ. ಯಾರನ್ನು ಬೈಯುವುದು? ಮಗ ಶಾಣ್ಯಾನಾದನೆಂದು ಹಿಗ್ಗುತ್ತಿರುವ ಅವ್ವನನ್ನೇ?

ಸಂಜೆ ಕಟ್ಟೆಯ ಮೇಲೆ ಅವನನ್ನು ಎದುರಿಗೆ ಕೂರಿಸಿಕೊಂಡಳು. ಅವನ ಬೆರಳುಗಳನ್ನು ಹಿಡಿದು ಹಳೆಯ ಸನ್ನೆಗಳಿಗೆ ತಿರುಗಿಸಿದಳು. ಬಿಟ್ಟ ಕೂಡಲೇ ಅವು ತೊಡೆಯ ಮೇಲೆ ಬಿದ್ದವು.

ನನ್ನ ಮೇಲೆ ಸಿಟ್ಟೇನು? ಕೈಯಲ್ಲೇ ಕೇಳಿದಳು. ತಲೆಯಾಡಿಸಿದ. ಸಿಟ್ಟಿಲ್ಲವೇನು? ಅದಕ್ಕೂ ಆಡಿಸಿದ. ಅವಳಿಗೆ ಅಳು ತಡೆಯಲಾಗಲಿಲ್ಲ.

ನನ್ನನ್ನು ಮರೆತೇ ಬಿಟ್ಟೆಯಾ?

ಅಕ್ಕ ಅಳುತ್ತಿರುವುದು ಕಂಡು ಜಂಬುನಾಥನಿಗೆ ಗಾಬರಿಯಾಯಿತು. ಅವಳನ್ನು ಸಮಾಧಾನ ಮಾಡಲೆಂದು, ನಗುನಗುತ್ತ, ಮತ್ತೆ ಮತ್ತೆ ಹೂಂ ಎಂದು ತಲೆಯಾಡಿಸಿದ.