ಅತ್ತೆಯ ಗಂಜಿಗೆ ಬಿದ್ದ ಅನಾನಸು

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಾನು ಮಾಡಿದ ಸಿಹಿತಿನಿಸು ಗಂಜಿಯಲ್ಲಿ ಮುಳುಗಿತು.

ಕಕ್ಕಿಂಜೆಯಿಂದ ಬಂದು ನಮ್ಮ ಮೂಡುಬಿದಿರೆಯ ಮನೆಯಲ್ಲಿರುವ ಅತ್ತೆಗೆ ಜ್ವರ ಬಿಟ್ಟರೂ ಊಟ ಸೇರುತ್ತಿರಲಿಲ್ಲ. ಏನು ಬಡಿಸಿದರೂ ಎರಡು ತುತ್ತು ತಿಂದು, "ಲಾಯ್ಕುಂಟು, ನನಗೆ ಸಾಕು" ಎನ್ನುವರು. ಅಳಿಯ ಮಾಡಿದ್ದಕ್ಕೆ ಕೊರತೆ ಹೇಳುವ ಕ್ರಮ ಅವರಲ್ಲಿಲ್ಲ. ಮದುವೆಯಾದಾಗಿನಿಂದ ನನಗೆ ಸಿಕ್ಕಿರುವುದು ಬರೀ ಮರ್ಯಾದೆ.

ಹೆಂಡತಿ ಕೆಲಸಕ್ಕೆ ಹೋಗಿದ್ದಳು. ಅನಾನಸನ್ನು ಹೆಚ್ಚಿ ತುಪ್ಪದಲ್ಲಿ ಬಾಡಿಸಿದೆ. ಬೆಲ್ಲ, ಚಕ್ಕೆ, ಕಾಳುಮೆಣಸಿನ ಪುಡಿ ಹಾಕಿದೆ. ಅತ್ತೆಯ ಗಂಜಿ ಆರುವಷ್ಟರಲ್ಲಿ ಸಿದ್ಧ. ಗಾಜಿನ ಬಟ್ಟಲಲ್ಲಿ ಬಿಸಿಬಿಸಿ ತಂದಿಟ್ಟು, ನಿಮಗೆಲ್ಲ ತೋರಿಸಲು ಫೋಟೊ ತೆಗೆಯೋಣವೆಂದು ಮೊಬೈಲ್ ಹುಡುಕಿದೆ. ತಿರುಗಿ ನೋಡಿದರೆ ಅತ್ತೆ ಅಷ್ಟನ್ನೂ ಗಂಜಿಗೆ ಸುರಿದುಕೊಂಡಿದ್ದಾರೆ. ತಪ್ಪು ಅವರದ್ದಲ್ಲ. ನಮ್ಮ ಕಡೆ ಅನಾನಸಿಗೆ ಬೆಲ್ಲವೂ ಖಾರವೂ ಬಿದ್ದರೆ ಅದು ಮೆಣಸ್ಕಾಯಿ, ಊಟಕ್ಕೆ ಕಲಸುವ ಪದಾರ್ಥ.

"ಅತ್ತೆ, ಅದು ಊಟ ಆದ ಮೇಲೆ ತಿನ್ಲಿಕ್ಕೆ" ಎಂದೆ.

ಅತ್ತೆ ಒಂದು ತುತ್ತು ಬಾಯಿಗಿಟ್ಟು ನನ್ನನ್ನೇ ನೋಡಿದರು. "ಉಪ್ಪು ಎಲ್ಲಿ? ಒಂದು ಚಮಚ ಎಳ್ಳು ಹುರಿದು ಹಾಕ್ಲಿಕ್ಕೆ ಎಂತ ಕಷ್ಟ ನಿಮಗೆ? ಇದನ್ನೆಲ್ಲ ತಿಂದು ನನ್ನ ಮಗಳು ಹೇಗೆ ಬದುಕಿದ್ದಾಳೆ ಮಾರಾಯ್ರೆ? ಆ ಉಪ್ಪಿನ ಡಬ್ಬಿ ಇಲ್ಲಿ ತನ್ನಿ."

ತಾವೇ ಉಪ್ಪು ಹಾಕಿಕೊಂಡರು. ಗಂಜಿಯನ್ನೆಲ್ಲ ಖಾಲಿ ಮಾಡಿ, ಇನ್ನೊಂದು ಸೌಟು ಕೇಳಿದರು.

ಅಡುಗೆಮನೆಗೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ. "ಅಮ್ಮ ಹುಷಾರಾದ್ರು."

"ನಿಮಗೆ ಹೇಗೆ ಗೊತ್ತಾಯ್ತು?"

"ನನಗೆ ಬೈದ್ರು."