ಮೂರು ಕಡ್ಡಿ ಲಕ್ಕಿ ಬ್ಯಾಂಬೂ

ಆಫೀಸುಗಳೇ ತುಂಬಿದ ಆ ದೊಡ್ಡ ಬೀದಿಯಲ್ಲಿ ಗಿಡದಕ್ಕ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ಮೇಲಿನ ಮಹಡಿಯ ದೊಡ್ಡ ಸಾಹೇಬರವರೆಗೆ ಎಲ್ಲರಿಗೂ ಗೊತ್ತು. ನರ್ಸರಿಯೊಂದು ಈ ಆಫೀಸುಗಳಿಗೆ ಗಿಡಗಳನ್ನು ಬಾಡಿಗೆಗೆ ಕೊಡುತ್ತಿತ್ತು. ಅವುಗಳ ಬಾಣಂತನವೆಲ್ಲ ಇವಳದು. ಬೆಳಿಗ್ಗೆ ಏಳಕ್ಕೆ ಕೈಗಾಡಿ ತಳ್ಳಿಕೊಂಡು ಬಂದಳೆಂದರೆ ಒಂಬತ್ತರೊಳಗೆ ನೀರು ಹಾಕಿ, ಎಲೆ ಒರೆಸಿ, ಬಾಡಿದ್ದನ್ನು ಕಿತ್ತು ಅದೇ ಕುಂಡಕ್ಕೆ ಅದೇ ಅಳತೆಯ ಹೊಸ ಗಿಡ ಕೂರಿಸಿಬಿಡಬೇಕು. ಗಿರಾಕಿಯ ಕಣ್ಣಿಗೆ ಹಳದಿ ಎಲೆ ಬೀಳಬಾರದು, ಅದೇ ಕಸುಬಿನ ಗುಟ್ಟು. ಅದೃಷ್ಟದ ಗಿಡವೆಂದು ಇಟ್ಟುಕೊಂಡವರ ವಿಷಯದಲ್ಲಂತೂ ಇನ್ನೂ ಹುಷಾರಾಗಿರಬೇಕು. ವಿಮಾ ಕಚೇರಿಯ ಮ್ಯಾನೇಜರು ತಮ್ಮ ಮೇಜಿನ ಜೇಡ್ ಗಿಡ ಆರು ವರ್ಷದಿಂದ ಒಂದೆಲೆಯನ್ನೂ ಉದುರಿಸಿಲ್ಲವೆಂದು ಬಂದವರಿಗೆಲ್ಲ ತೋರಿಸಿ ಹಿಗ್ಗುತ್ತಿದ್ದರು. ಆ ಆರು ವರ್ಷದಲ್ಲಿ ಗಿಡದಕ್ಕ ಅದೇ ಮೇಜಿಗೆ ಒಂಬತ್ತು ಜೇಡ್ ಗಿಡ ಹೊತ್ತಿದ್ದಳು. ಪಾಪ, ಅವರ ನಂಬಿಕೆ ಕೆಡಿಸಿ ಅವಳಿಗೇನು ಆಗಬೇಕಿತ್ತು?

ಮನೆಯಲ್ಲಿ ಅವಳೂ ತಂಗಿಯೂ ಇಬ್ಬರೇ. ಮಹಡಿಯ ಮೇಲೆ ಎರಡು ಕೋಣೆ. ಒಂದರಲ್ಲಿ ಅಡುಗೆ, ನಿದ್ದೆ, ಜಗಳ ಎಲ್ಲವೂ, ಇನ್ನೊಂದರಲ್ಲಿ ತಂಗಿಯ ಹೊಲಿಗೆ ಯಂತ್ರ. ತಂಗಿ ಕಿಟಕಿಯ ಪರದೆಗಳನ್ನು ಹೊಲಿಯುತ್ತಿದ್ದಳು. ತಾಯಿ ಸತ್ತಾಗ ಅವಳಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಂದಿನಿಂದ ತಂಗಿಯ ಕಣ್ಣಲ್ಲಿ ನೀರು ಬಂದರೆ ಇವಳ ಕೈಕಾಲು ಆಡುತ್ತಿರಲಿಲ್ಲ. ನಲವತ್ತು ದಾಟಿದ ಹೆಂಗಸನ್ನು ಈಗಲೂ ಪುಟ್ಟಿ ಎಂದೇ ಕರೆಯುತ್ತಿದ್ದಳು. ಜೋರಾಗಿ ಬಯ್ಯಲು ಬಾರದ ಅಕ್ಕಂದಿರು ಇರುತ್ತಾರಲ್ಲ, ಆ ಜಾತಿ.

ಆ ಪುಟ್ಟಿಯ ಎದೆಯಲ್ಲಿ ಬಟಾಣಿ ಕಾಳಿನಷ್ಟು ಗಂಟು ಕಾಣಿಸಿತು. ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದಾಗ ಸುತ್ತುಬಳಸಿ ಹೇಳಲಿಲ್ಲ: ಕೆಟ್ಟ ಗಂಟು, ಮೂರು ವಾರದೊಳಗೆ ಆಪರೇಷನ್ ಆಗಬೇಕು, ಈಗಲೇ ತೆಗೆದರೆ ಭಯವಿಲ್ಲ. ದಿನವನ್ನೂ ಗೊತ್ತು ಮಾಡಿ ಕಳಿಸಿದರು.

ತಂಗಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮೂರನೆಯ ದಿನ ಪರದೆ ಅಂಗಡಿಯವಳು ಕೊಟ್ಟ ಫೆಂಗ್‌ಶುಯಿ ಎಂಬ ಚೀನೀ ವಾಸ್ತುವಿನ ಹಾಳೆಯೊಂದನ್ನು ಹಿಡಿದುಕೊಂಡು ಬಂದಳು. ಲಕ್ಕಿ ಬ್ಯಾಂಬೂ ಎಂಬ ಅದೃಷ್ಟದ ಬಿದಿರು ಎರಡು ಕಡ್ಡಿಯಿದ್ದರೆ ಪ್ರೀತಿಗೆ, ಮೂರು ಆಯುಸ್ಸಿಗೆ, ನಾಲ್ಕನ್ನು ಮಾತ್ರ ಮುಟ್ಟಲೇಬಾರದು. ಆರೋಗ್ಯಕ್ಕೆ ಪೂರ್ವ ದಿಕ್ಕು.

"ಅಕ್ಕ, ನಂಗೆ ಮೂರು ಕಡ್ಡಿದು ಒಂದು ತಂದ್ಕೊಡೇ. ನೀನೇ ಆರಿಸಿ ತಾ. ನಿನ್ನ ಕೈಗುಣ ಚೆನ್ನಾಗಿದೆ."

ನರ್ಸರಿಯ ನೂರಾರು ಕಡ್ಡಿಗಳಲ್ಲಿ ಗಿಡದಕ್ಕ ಒಂದು ಗಂಟೆ ಹುಡುಕಿದಳು. ಬುಡ ಗಟ್ಟಿಯಾಗಿದೆಯೇ, ಬೇರು ಕೆಂಪಗಿದೆಯೇ, ಗೆಣ್ಣಿನ ಬಳಿ ಸುಕ್ಕಿಲ್ಲವೇ ಎಂದು ನೋಡಿ ನೋಡಿ ಮೂರನ್ನು ಆರಿಸಿದಳು. ಕೆಂಪು ರಿಬ್ಬನ್ನು ಕಟ್ಟಿ, ಬಿಳಿ ಕಲ್ಲು ತುಂಬಿದ ಗಾಜಿನ ಪಾತ್ರೆಯಲ್ಲಿ ನಿಲ್ಲಿಸಿಕೊಟ್ಟಳು. ಆ ರಾತ್ರಿ ತಂಗಿ ಎರಡು ಸಲ ಬಡಿಸಿಕೊಂಡು ಉಂಡಳು.

ತೊಂದರೆ ಏನೆಂದರೆ ಪೂರ್ವಕ್ಕಿದ್ದದ್ದು ಕಿಟಕಿ, ಮತ್ತು ಬೆಳಗಿನ ನೇರ ಬಿಸಿಲು. ಲಕ್ಕಿ ಬ್ಯಾಂಬೂ ನೆರಳಿನ ಗಿಡ. ಗಿಡದಕ್ಕ ಅದನ್ನು ಒಳಗೆ ಸರಿಸಿದರೆ ತಂಗಿ ಮತ್ತೆ ಕಿಟಕಿಗೇ ತಂದಿಡುತ್ತಿದ್ದಳು. ಹಾಳೆಯಲ್ಲಿ ಪೂರ್ವ ಎಂದು ಬರೆದಿತ್ತಲ್ಲ! ಹದಿನೇಳನೆಯ ದಿನ ಒಂದು ಕಡ್ಡಿಯ ಬುಡ ಹಳದಿಯಾಯಿತು. ಬುಡ ಹಳದಿಯಾದ ಕಡ್ಡಿ ಮತ್ತೆ ಹಸಿರಾಗುವುದಿಲ್ಲ, ಅದು ಗಿಡದಕ್ಕನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಂಗಿ ಸ್ನಾನಕ್ಕೆ ಹೋಗಿದ್ದಳು. ಗಿಡದಕ್ಕ ಯೋಚಿಸಲೂ ಇಲ್ಲ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕೈ, ಕೆಳಗೆ ಕೈಗಾಡಿಯಲ್ಲಿದ್ದ ಹೊಸ ಮೂರು ಕಡ್ಡಿಯನ್ನು ತಂದು ಅದೇ ಕಲ್ಲುಗಳ ನಡುವೆ ನಿಲ್ಲಿಸಿಬಿಟ್ಟಿತು.

ತಲೆ ಒರೆಸಿಕೊಳ್ಳುತ್ತ ಬಂದ ತಂಗಿ ಕಿಟಕಿಯ ಮುಂದೆ ನಿಂತಳು.

"ಅಕ್ಕ, ಬಾ ಇಲ್ಲಿ! ಚಿಗುರು ಬಂದಿದೆ ನೋಡು! ಎಷ್ಟು ಎಳೆಯದು!"

"ಹೌದಲ್ವೇ," ಎಂದಳು ಗಿಡದಕ್ಕ.

ಆ ಮೂರು ಅಕ್ಷರದ ಮಾತು ಎಂಥ ಕೆಲಸ ಮಾಡಿತು! ತಂಗಿ ಆ ಮಧ್ಯಾಹ್ನವೇ ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ನನ್ನು ಮುಂದಿನ ತಿಂಗಳಿಗೆ ಹಾಕಿಸಿಕೊಂಡಳು. "ನಂಗೆ ಹುಷಾರಾಗ್ತಾ ಇದೆ ಅನ್ಸುತ್ತೆ ಕಣೇ. ಗಿಡ ನೋಡಿದ್ರೆ ಗೊತ್ತಾಗಲ್ವಾ?" ಮುಂದೆ ಹಾಕ್ಬೇಡ ಪುಟ್ಟಿ, ಹೋಗೋಣ ಎಂದು ಗಿಡದಕ್ಕ ಅನ್ನಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಂಗಿ ನಗುತ್ತಿದ್ದಳು, ನಗು ಕಂಡು ತಿಂಗಳಾಗಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡಳು. ನಾಳೆ, ನಾಡಿದ್ದು, ಆಚೆ ನಾಡಿದ್ದು ಎಂದು ಮೂರು ತಿಂಗಳು ಕಳೆಯಿತು. ಆಪರೇಷನ್ ಮತ್ತೊಮ್ಮೆ ಮುಂದೆ ಹೋಯಿತು, ಗಿಡ ಇನ್ನೂ ಮೂರು ಸಲ ಬದಲಾಯಿತು. ಗಂಟು ನಿಂಬೆ ಹಣ್ಣಿನಷ್ಟಾಯಿತು.

ಕೊನೆಗೆ ಆಸ್ಪತ್ರೆಯ ನರ್ಸೇ ಫೋನು ಮಾಡಿದಳು. ತಂಗಿ ಅಂಗಡಿಗೆ ಹೋಗಿದ್ದರಿಂದ ಗಿಡದಕ್ಕ ತೆಗೆದುಕೊಂಡಳು. "ಬುಧವಾರ ಕರ್ಕೊಂಡು ಬನ್ನಿ ಅಮ್ಮ. ಇನ್ನೂ ತಡ ಮಾಡಿದ್ರೆ ನಮ್ಮ ಕೈಲಿ ಏನೂ ಇರಲ್ಲ." ಫೋನು ಇಟ್ಟ ಗಿಡದಕ್ಕ ಕಿಟಕಿಯ ಗಿಡದ ಮುಂದೆ ಬಂದು ನಿಂತಳು. ನಿಜ ಹೇಳಿಬಿಡಲು ಆಗಲೂ ಧೈರ್ಯ ಬರಲಿಲ್ಲ. ಬದಲಿಗೆ ಕಸುಬಿನವಳ ಬುದ್ಧಿಯೇ ಓಡಿತು: ಹಸಿರು ಗಿಡ ನೋಡಿ ಬೇಡ ಎಂದವಳು, ಹಳದಿ ಗಿಡ ನೋಡಿದರೆ ಹೆದರಿ ಆಸ್ಪತ್ರೆಗೆ ಓಡುವುದಿಲ್ಲವೇ?

ಸೋಮವಾರ ಬೆಳಿಗ್ಗೆ ಟ್ರಾವೆಲ್ ಆಫೀಸಿನಿಂದ ಕಿತ್ತು ತಂದಿದ್ದ, ಬುಡದವರೆಗೂ ಹಳದಿಯಾದ ಮೂರು ಕಡ್ಡಿಯನ್ನು ಕಿಟಕಿಯಲ್ಲಿ ನಿಲ್ಲಿಸಿ, ಅದಕ್ಕೆ ಬೆನ್ನು ಮಾಡಿ ಒಲೆಯ ಮುಂದೆ ನಿಂತಳು. ತಂಗಿ ಬಂದಳು. ಕೂಗಲಿಲ್ಲ, ಅಳಲಿಲ್ಲ. ತುಸು ಹೊತ್ತು ನೋಡಿ, ಹೊಲಿಗೆ ಯಂತ್ರದ ಬಳಿ ಹೋಗಿ ಸೂಜಿ ಬಿಚ್ಚಿ ಡಬ್ಬಿಗೆ ಹಾಕಿದಳು. ಯಂತ್ರಕ್ಕೆ ಬಟ್ಟೆ ಹೊದಿಸಿದಳು.

"ಏನ್ ಮಾಡ್ತಿದೀಯ ಪುಟ್ಟಿ?"

"ಆಯ್ತಲ್ಲ ಅಕ್ಕ. ಗಿಡವೇ ಹೋಯ್ತು. ಇನ್ನು ಕತ್ತರಿಸಿ ಏನು ಬಂತು? ಈ ಯಂತ್ರ ಅಂಗಡಿಯವಳಿಗೆ ಕೊಟ್ಬಿಡು, ಅವಳಿಗೆ ಬೇಕಂತೆ."

ಗಿಡದಕ್ಕ ಓಡಿ ಬಂದು ತಂಗಿಯ ರಟ್ಟೆ ಹಿಡಿದಳು. ಕೈಯಲ್ಲಿದ್ದ ಸೌಟು ಬಿತ್ತು.

"ಅದು ನಿನ್ನ ಗಿಡ ಅಲ್ಲ ಕಣೇ! ನಾನು ತಂದಿಟ್ಟಿದ್ದು! ನಿನ್ನದು ಯಾವತ್ತೋ ಸತ್ತೋಯ್ತು, ಅದರ ಮೇಲೆ ನಾಲ್ಕು ಸಲ ಬದಲಾಯಿಸಿದೀನಿ. ಗಿಡಕ್ಕೂ ನಿನಗೂ ಸಂಬಂಧವೇ ಇಲ್ಲ!"

ತಂಗಿ ದೊಡ್ಡವಳಂತೆ ಅಕ್ಕನ ಕೆನ್ನೆ ಸವರಿದಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಅಕ್ಕ. ನಿಂಗೆ ಅದು ಬರಲ್ಲ."

ಮೂರು ತಿಂಗಳಿಂದ ಮೂಗಿಗೆ ತುಪ್ಪ ಸವರಿದವಳಿಗೆ ಸುಳ್ಳು ಬರುವುದಿಲ್ಲವಂತೆ! ಗಿಡದಕ್ಕ ಆಣೆ ಇಟ್ಟಳು, ಅತ್ತಳು, ತಲೆ ಚಚ್ಚಿಕೊಂಡಳು. ತಂಗಿ ನಂಬಲಿಲ್ಲ. ಕೊನೆಗೆ ಗಿಡದಕ್ಕ ಕೆಳಗೋಡಿ ಕೈಗಾಡಿಯಲ್ಲಿದ್ದ ಬಿದಿರಿನ ಕಟ್ಟನ್ನೇ ತಂದು ನೆಲದ ಮೇಲೆ ಸುರಿದಳು. ತಂಗಿಯನ್ನು ಎದುರಿಗೆ ಕೂರಿಸಿಕೊಂಡಳು. ಮೂರು ಕಡ್ಡಿ ಆರಿಸಿದಳು, ಅಳತೆಗೆ ಕತ್ತರಿಸಿದಳು. ಹೆಚ್ಚಿನ ಎಲೆಗಳನ್ನು ಚಿವುಟಿ, ಎಡಗಡೆಗೆ ಬಾಗಿದ ಒಂದೇ ಒಂದು ಎಲೆಯನ್ನು ತಂಗಿಯ ಗಿಡದಲ್ಲಿದ್ದ ಹಾಗೆಯೇ ಬಿಟ್ಟಳು. ರಿಬ್ಬನ್ನನ್ನು ಅದೇ ಗಂಟು ಹಾಕಿ ಕಟ್ಟಿದಳು. ತಂಗಿ ನಿನ್ನೆಯವರೆಗೆ ಮಾತಾಡಿಸುತ್ತಿದ್ದ ಗಿಡ ಹತ್ತು ನಿಮಿಷದಲ್ಲಿ ಅವಳ ಕಣ್ಣೆದುರೇ ತಯಾರಾಯಿತು.

ತಂಗಿ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಮೊದಲನೇದು ಎಷ್ಟು ದಿನ ಇತ್ತು?"

"ಹದಿನೇಳು."

"ಅಂದ್ರೆ ಆಪರೇಷನ್ನಿಗೆ ಮೊದಲು." ತಂಗಿ ಗಿಡವನ್ನು ನೆಲಕ್ಕಿಟ್ಟಳು. "ಅವತ್ತು ನೋಡಿದ್ರೆ ನಾನು ಹೆದರಿ ಓಡಿ ಹೋಗ್ತಿದ್ದೆ ಅಕ್ಕ. ಅವತ್ತು ಇನ್ನೂ ಬಟಾಣಿಯಷ್ಟಿತ್ತು."

ಗಿಡದಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನರ್ಸು ಬುಧವಾರ ಬರಲು ಹೇಳಿದ್ದನ್ನು ಅವಳು ಅಂದೇ ತಂಗಿಗೆ ತಿಳಿಸಿದಳು. ಬುಧವಾರ ಬೆಳಿಗ್ಗೆ ತಂಗಿ ತಾನಾಗಿ ಸೀರೆ ಉಟ್ಟು, ಫೈಲು ಹಿಡಿದು ಬಾಗಿಲಲ್ಲಿ ನಿಂತಳು. ಬಸ್ಸಿನಲ್ಲಿ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಆಸ್ಪತ್ರೆಯಲ್ಲಿ ಮತ್ತೆ ಚಿತ್ರ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕಂಕುಳಿಗೂ ಹರಡಿದೆ, ಇವತ್ತು ಕತ್ತರಿ ಹಾಕಿ ಉಪಯೋಗವಿಲ್ಲ, ಮೊದಲು ನಾಲ್ಕೈದು ತಿಂಗಳು ಔಷಧಿ ಏರಿಸಿ ಆಮೇಲೆ ನೋಡಬೇಕು ಎಂದರು. ಆಮೇಲಾದರೂ ಗುಣವಾಗುತ್ತದೆಯೇ ಎಂದು ಗಿಡದಕ್ಕ ಕೇಳಿದಳು. ಈಗಲೇ ಏನೂ ಹೇಳಲಾಗದು ಎಂದರು. ಆಮೇಲೆ ಕನ್ನಡಕ ತೆಗೆದು ಅವಳ ಕಡೆಗೇ ತಿರುಗಿದರು.

"ಮೂರು ತಿಂಗಳು ಸುಮ್ನೆ ಕೂತ್ರಲ್ಲಮ್ಮ. ಅವರಿಗೆ ಗೊತ್ತಾಗದೇ ಇದ್ರೂ, ಮನೇಲಿ ದೊಡ್ಡವರು ನೀವು. ನೀವಾದ್ರೂ ಹೇಳ್ಬಾರದಿತ್ತಾ?"

ಗಿಡದಕ್ಕನಿಗಿಂತ ಮೊದಲು ತಂಗಿ ಬಾಯಿ ತೆರೆದಳು.

"ಅಕ್ಕ ದಿನಾ ಹೇಳ್ತಾನೇ ಇದ್ಲು ಡಾಕ್ಟ್ರೇ. ಕಾಲಿಗೆ ಬಿದ್ದು ಹೇಳಿದ್ಲು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ."

ಡಾಕ್ಟರು ನಿಟ್ಟುಸಿರುಬಿಟ್ಟು ಅದನ್ನೇ ಫೈಲಿನಲ್ಲಿ ಬರೆದುಕೊಂಡರು. ಅಲ್ಲ ಎನ್ನಲು ಗಿಡದಕ್ಕ ಬಾಯಿ ತೆರೆದಳು. ತಂಗಿ ಮೇಜಿನ ಕೆಳಗೆ ಅವಳ ಕೈಯನ್ನು ಬಲವಾಗಿ ಅದುಮಿ ಹಿಡಿದಿದ್ದಳು.